ಹನ್ನೆರಡನೆಯ ಅಂಗಿ

ಫಾದರ್ ಮಾತು ಮುಗಿಸುವ ಮೊದಲೇ ಟೈಲರಮ್ಮ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ಯಾವ ಹುಡುಗ, ಫಾದರ್?”

“ಅದೇ... ಆವತ್ತು ಲೆಕ್ಕ ಬಿಡಿಸಿದ ಹುಡುಗ. ಇನ್ಸ್‌ಪೆಕ್ಟರು ನಾಳೆ ದೊಡ್ಡ ಸಾಹೇಬರನ್ನ ಕರ್ಕೊಂಡು ಬರ್ತಾರಂತೆ, ಅವನನ್ನ ತೋರಿಸೋಕೆ. ಆ ಅಂಗಿಗೆ ಇನ್ನೊಂದ್ಸಲ ಇಸ್ತ್ರಿ ಹಾಕಿಬಿಡಿ.”

ಹುಡುಗನಂತೆ, ಹುಡುಗ!

ಮೂರು ತಿಂಗಳ ಹಿಂದೆ, ಹಳೆಯ ಉಪ್ಪಿನ ಗೋದಾಮಿಗೆ ಸುಣ್ಣ ಬಳಿದು, ಗೋಡೆಗೊಂದು ಶಿಲುಬೆ ತೂಗುಹಾಕಿ ಫಾದರ್ ಶಾಲೆ ತೆರೆದಿದ್ದರು. ಹನ್ನೆರಡು ಮಕ್ಕಳಿಲ್ಲದೆ ಪರವಾನಗಿ ಇಲ್ಲ. ಟೈಲರಮ್ಮ ಹನ್ನೆರಡು ಅಂಗಿ ಹೊಲಿದುಕೊಟ್ಟಿದ್ದಳು. ತಪಾಸಣೆಯ ಬೆಳಿಗ್ಗೆಯೇ ಬಡಗಿ ತನ್ನ ಮಗನನ್ನು ಬಿಡಿಸಿಕೊಂಡು ಹೋದ. “ನಿಮ್ಮ ಗುಬ್ಬಿ ಒಂದಿನ ಹುಡುಗನ ಹಾಗೆ ಕೂತ್ಕೊಳ್ಳಲಿ. ಪರವಾನಗಿ ಬಂದ್ರೆ ಆ ಜಾಗ ಅವಳದೇ,” ಎಂದಿದ್ದರು ಫಾದರ್. ಆ ಮಾತು ನಂಬಿ ಟೈಲರಮ್ಮ ಇದೇ ಕತ್ತರಿಯಿಂದ ಮಗಳ ಸೊಂಟದುದ್ದದ ಜಡೆ ಕತ್ತರಿಸಿದ್ದಳು. ಇನ್ಸ್‌ಪೆಕ್ಟರ್ ಲೆಕ್ಕ ಕೊಟ್ಟಾಗ ಹನ್ನೊಂದು ಜನ ಸೂರು ನೋಡಿದರು. ಗುಬ್ಬಿ ಎದ್ದುನಿಂತು ಉತ್ತರ ಹೇಳಿದಳು.

ಪರವಾನಗಿ ಬಂತು. ಸ್ಲೇಟು ಹಿಡಿದು ಓಡಿದವಳನ್ನು ಬಾಗಿಲಲ್ಲೇ ತಡೆದದ್ದು ‘ಗಂಡುಮಕ್ಕಳ ಶಾಲೆ’ ಎಂಬ ಹೊಸ ಬೋರ್ಡು. ಹಾಜರಿ ಪುಸ್ತಕದಲ್ಲಿ ಮಾತ್ರ ಹನ್ನೆರಡನೆಯವನು, ಒಂದು ಸುಳ್ಳು ಹೆಸರಿನಲ್ಲಿ, ದಿನಾ ಹಾಜರಾಗುತ್ತಿದ್ದ. ಗುಬ್ಬಿ ಮನೆಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು.

“ದೇವರ ಕೆಲಸ ಅಂದ್ಕೊಳ್ಳಿ, ಅಮ್ಮಾ.”

“ದೇವರಿಗೆ ನನ್ನ ಮಗಳ ಜಡೆ ಬೇಕು, ಮಗಳು ಬೇಡ?”

“ಪರವಾನಗಿ ಹೋದ್ರೆ ಹನ್ನೊಂದು ಮಕ್ಕಳು ಬೀದಿಗೆ ಬೀಳ್ತಾರೆ.”

“ನನ್ನದು ಬಿದ್ದು ಎರಡು ತಿಂಗಳಾಯ್ತು. ನೀವು ದಾಟ್ಕೊಂಡೇ ಓಡಾಡ್ತಿದೀರಿ.” ಟೈಲರಮ್ಮ ಉಸಿರು ಎಳೆದುಕೊಂಡಳು. “ಹೋಗಿ. ನಾಳೆ ಕಳಿಸ್ತೀನಿ.”

ಫಾದರ್ ಬದುಕಿದೆಯಾ ಬಡಜೀವವೇ ಎಂದು ಹೊರಟರು.

ಅವರು ತಿರುವು ದಾಟುವಷ್ಟರಲ್ಲಿ ಅವಳು ಅಂಗಿಯ ಕಾಲರು ಬಿಚ್ಚಿದ್ದಳು. ಚಡ್ಡಿ ಹೊಲಿದು ಮಿಕ್ಕಿದ್ದ ಬೂದು ಬಟ್ಟೆಯನ್ನು ನೆರಿಗೆ ಹಿಡಿದು ಕೆಳಗೆ ಜೋಡಿಸಿದಳು. ಸಂಜೆಯ ಹೊತ್ತಿಗೆ ಅದು ಫ್ರಾಕಾಗಿತ್ತು. ಎದೆಯ ಮೇಲಿನ ಶಾಲೆಯ ಶಿಲುಬೆಯ ಗುರುತನ್ನು ಮಾತ್ರ ಮುಟ್ಟಲಿಲ್ಲ.

“ಅಮ್ಮಾ, ಬೈದ್ರೆ?”

“ಲೆಕ್ಕ ಬರುತ್ತಲ್ಲ ನಿಂಗೆ? ಎಣಿಸ್ಕೊಂಡು ಬಾ. ವಾಪಸ್ ಕೊಡೋಕೆ ನಾನಿದೀನಿ.”

ಮರುದಿನ ಟೈಲರಮ್ಮ ಗೋದಾಮಿನ ಕಿಟಕಿಯ ಸರಳು ಹಿಡಿದು ನಿಂತಳು. ಒಳಗೆ ಫಾದರ್ ಹಾಜರಿ ಕೂಗುತ್ತಿದ್ದರು.

“ಹನ್ನೆರಡು?”

“ಹಾಜರ್, ಫಾದರ್.”

ಮೋಟು ಕೂದಲು, ಬೂದು ಫ್ರಾಕು. ಗುಬ್ಬಿ ಬಾಗಿಲಿಂದ ಬಂದು ಮುಂದೆ ನಿಂತಳು. ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಆ ಲೆಕ್ಕದ ಹುಡುಗ ಎಲ್ಲಿ?” ಎಂದರು ದೊಡ್ಡ ಸಾಹೇಬರು.

ಫಾದರ್ ಕಿಟಕಿಯತ್ತ ನೋಡಿದರು. ಟೈಲರಮ್ಮ ಕಣ್ಣು ತಪ್ಪಿಸಲಿಲ್ಲ.

“ಇವಳೇ, ಸಾಹೇಬ್ರೇ,” ಎಂದರು ಫಾದರ್, ಸಣ್ಣ ದನಿಯಲ್ಲಿ.

ಸಾಹೇಬರು ಗುಬ್ಬಿಯತ್ತ ತಿರುಗಿದರು. “ಹಾಗಾದ್ರೆ ನಿಂತೇ ಇದಾಳಲ್ಲ, ಯಾಕೆ? ಜಾಗ ಕೊಡಿ.”

ಹುಡುಗರು ದಡಬಡಿಸಿ ಬೆಂಚಿನಲ್ಲಿ ಸರಿದರು. ಗುಬ್ಬಿ ಕೂತಳು.

ಟೈಲರಮ್ಮನ ಸಿಟ್ಟು ಇಳಿಯಲಿಲ್ಲ. ಆ ಜಡೆ ಮತ್ತೆ ಸೊಂಟ ಮುಟ್ಟುವವರೆಗೂ ಇಳಿಸುವ ಮನಸ್ಸೂ ಅವಳಿಗಿರಲಿಲ್ಲ.