ಹಿಡಿದದ್ದಲ್ಲ, ಹರಿದದ್ದು
ಗಾಜು ಹೊರುವಾಗ ಒಂದು ತುದಿಗೆ ನನ್ನ ಗಂಡ, ಇನ್ನೊಂದು ತುದಿಗೆ ನನ್ನ ಅಣ್ಣ. ಇಬ್ಬರೂ ಪರಸ್ಪರ ಭಾವ ಎಂದೇ ಕರೆಯುತ್ತಿದ್ದರು. "ಎತ್ತು ಭಾವ." "ಎತ್ತಿದೆ ಭಾವ." ಯಾವ ಭಾವ ಯಾರು ಎಂದು ಕೇಳುವುದನ್ನು ಗಾಜಿನಂಗಡಿಯವರು ಎಂದೋ ಬಿಟ್ಟಿದ್ದರು.

ಅಂದು ಲಾರಿಯಿಂದ ಗಾಜು ಇಳಿಸುವಾಗ ಅಣ್ಣನ ಎಡ ಮೀನಖಂಡದಲ್ಲಿ ಟಪ್ಪೆಂದಿತು. ಯಾರೋ ಕಲ್ಲು ಬೀಸಿದರೆಂದು ತಿರುಗಿ ನೋಡಿದನಂತೆ. ಯಾರೂ ಇರಲಿಲ್ಲ. ಗಾಜನ್ನು ಮಾತ್ರ ಕೈಬಿಡಲಿಲ್ಲ.

"ಹಿಡ್ಕೊಂಡಿದೆ ಅಷ್ಟೇ ಭಾವ, ಬಿಡಿಸ್ತೀನಿ ತಾಳು," ಎಂದು ಇವರು ಬಿಸಿ ಎಣ್ಣೆ ಹಚ್ಚಿ, ಹೆಬ್ಬೆರಳು ಊರಿ ಅರ್ಧ ಗಂಟೆ ತಿಕ್ಕಿದರು.

ನಾನು ಫಿಸಿಯೋಥೆರಪಿಸ್ಟ್. ಸಂಜೆ ಆಸ್ಪತ್ರೆಯಿಂದ ಬಂದಾಗ ಕಾಲು ಬಾತು, ನೇರಳೆ ಬಣ್ಣ ಹಿಮ್ಮಡಿಯವರೆಗೆ ಇಳಿದಿತ್ತು.

"ಹಿಡಿದಿದ್ದಲ್ಲ ರೀ, ಹರಿದಿದ್ದು. ಹರಿದ ಸ್ನಾಯು ಒಳಗೆ ರಕ್ತ ಸುರಿಸ್ತಿರುತ್ತೆ. ಮೊದಲ ದಿನಗಳಲ್ಲಿ ತಿಕ್ಕಬಾರದು, ಕಾಯಿಸಬಾರದು."

"ನಂಗೇನು ಗೊತ್ತು? ಎಲ್ಲರೂ ಹಿಡ್ಕೊಂಡಿದೆ ಅಂತಾನೇ ಅಲ್ವಾ ಅನ್ನೋದು."

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟೆ, ಪಟ್ಟಿ ಕಟ್ಟಿದೆ, ಕಾಲಡಿಗೆ ಎರಡು ದಿಂಬು ಕೊಟ್ಟೆ. ಸುತ್ತಳತೆ ತೆಗೆದು ಬರೆದುಕೊಂಡೆ. ಬಲಗಾಲಿಗಿಂತ ಮೂರು ಸೆಂಟಿಮೀಟರ್ ಹೆಚ್ಚು.

ಐದು ವಾರ ಕಳೆಯಿತು. ಇವರ ಜೊತೆಗೆ ಅಂಗಡಿ ಯಜಮಾನರು ಹೊಸಬನನ್ನು ಹಾಕಿದ್ದರು. ಸೋಮವಾರದೊಳಗೆ ಅಣ್ಣ ಬರದಿದ್ದರೆ ಆ ಜಾಗ ಹೊಸಬನಿಗೇ ಖಾಯಂ. ಬರಬಹುದೆಂದು ನಾನು ಚೀಟಿ ಕೊಟ್ಟರೆ ಸಾಕಿತ್ತು.

ಭಾನುವಾರ ಬೆಳಿಗ್ಗೆ ಅಣ್ಣನನ್ನು ಗೋಡೆ ಹಿಡಿಸಿ ನಿಲ್ಲಿಸಿ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿದೆ. ಬಲಗಾಲು ಇಪ್ಪತ್ತೈದು ಸಲ ಎತ್ತಿತು. ಎಡಗಾಲು ಒಂಬತ್ತಕ್ಕೇ ನಡುಗಿ ಕೆಳಗಿಳಿಯಿತು.

"ನೋವೇ ಇಲ್ಲ ಕಣೇ," ಎಂದ ಅಣ್ಣ.

"ನಾನು ನೋವು ಕೇಳ್ತಿಲ್ಲ, ಬಲ ನೋಡ್ತಿದೀನಿ."

"ಒಡಹುಟ್ಟಿದವಳು ಅನ್ನಬೇಕೋ, ತೂಕದ ಯಂತ್ರ ಅನ್ನಬೇಕೋ!"

"ಬರೆದುಕೊಡೇ," ಎಂದರು ಇವರು ತಲೆ ಎತ್ತದೆ. "ಭಾರ ನನ್ನ ಕಡೆಗೇ ಎಳ್ಕೋತೀನಿ. ತಿಕ್ಕಿದ್ದು ನಾನೇ ತಾನೇ?"

"ಮೆಟ್ಟಿಲ ಮೇಲೆ ಭಾರ ಕೆಳಗಿರೋನ ಮೇಲೇ ಬರುತ್ತೆ. ಅಲ್ಲಿ ಮತ್ತೆ ಹರಿದ್ರೆ ಗಾಜು ಇಬ್ಬರ ಮೇಲೂ ಬೀಳುತ್ತೆ."

ಚೀಟಿ ಬರೆದೆ: ಇನ್ನೂ ನಾಲ್ಕು ವಾರ ಭಾರ ಎತ್ತುವಂತಿಲ್ಲ. ಅಕ್ಷರ ಎಂದಿನಂತೆಯೇ ನೆಟ್ಟಗಿತ್ತು. ಮಡಿಸಿ ಇವರ ಕೈಗೆ ಕೊಟ್ಟೆ.

ಸೋಮವಾರ ಇವರು ಚೀಟಿಯನ್ನು ಜೇಬಿಗಿಟ್ಟು, ಕೈಗವಸು ತೆಗೆದುಕೊಂಡು ಹೊರಟರು. ಬಾಗಿಲವರೆಗೂ ಬಂದ ಅಣ್ಣ ಕೇಳಿದ.

"ಆ ಹೊಸಬನನ್ನ ಏನಂತ ಕರೀತೀಯ ಭಾವ?"

"ಏನೂ ಕರೆಯಲ್ಲ. ಒಂದು, ಎರಡು, ಮೂರು ಅಂತೀನಿ. ಎತ್ತುತ್ತಾನೆ."

ಇವರು ಹೋದರು. ಅಣ್ಣ ಗೋಡೆಗೆ ಕೈಯಿಟ್ಟು ಎಡ ಹಿಮ್ಮಡಿ ಎತ್ತಿದ.

"ಒಂದು," ಎಂದು ಎಣಿಸತೊಡಗಿದೆ.