ಮರ್ಜಿನಾಳ ಉಡಿ

"ಉಡಿ ಝಾಡಸ್ಲೇ, ಕಳ್ಳ ರಂಡಿ!"

ತಂಬಾಕು ವಖಾರಿಯ ಗೇಟಿನಲ್ಲಿ ಮುಕಾದಮ ಬಾಳಾಸಾಬ ಗದರಿಸಿದ. ಕೆಂಚವ್ವ ಝಾಡಿಸಿದಳು. ಇಪ್ಪತ್ತು ವರ್ಷದಿಂದ ಇಲ್ಲಿ ಜರಡಿ ಹಿಡಿದವಳು. ದಿನವೂ ಇದೇ ತಪಾಸಣೆ, ಇದೇ ಬೈಗುಳ. ಉದುರಿದ್ದು ಧೂಳಷ್ಟೇ.

"ಅರ್ಧಾ ದಿನಾ ಬಿಟ್ಟ ಎಲ್ಲಿಗಿ ಹೊಂಟಿ?"

"ಮಗಳ ಉಡಿ ತುಂಬಾಕ್ರಿ."

"ನಿನಗ ಯಾವಾಗ ಮಗಳ ಹುಟ್ಟಿದ್ಳು?"

"ನಿನ್ನಿ ಹುಟ್ಯಾಳ್ರಿ. ನಿಮ್ಮ ಸಾವಕಾರ್ರ ಸೂಲಗಿತ್ತಿ."

ಮಗಳೆಂದರೆ ಮರ್ಜಿನಾ. ಬಂಗಾಲದ ಕಡೆಯಿಂದ ಬಂದು ಎರಡು ವರ್ಷ ಕೆಂಚವ್ವನ ಪಕ್ಕದಲ್ಲೇ ಜರಡಿ ಹಿಡಿದವಳು, ಈಗ ಏಳು ತಿಂಗಳ ಬಸುರಿ. ಎರಡು ವರ್ಷ ಅವಳ ಊರು ಯಾವುದೆಂದು ಕೇಳದ ಸಾವುಕಾರನಿಗೆ, ಅವಳು "ತೂಕ ಸರಿ ಹಾಕ್ರಿ" ಎಂದ ದಿನವೇ ಇವಳು ಪರದೇಶದವಳೆಂದು ಜ್ಞಾನೋದಯವಾಯಿತು; ಪೊಲೀಸರಿಗೆ ಸುದ್ದಿ ಮುಟ್ಟಿಸಿದ. ನಿನ್ನೆಯಿಂದ ಠಾಣೆಯಲ್ಲಿದ್ದಳು. ಇವತ್ತು ನಾಲ್ಕಕ್ಕೆ ಜೀಪು ಮುಂಬೈಗೆ, ಅಲ್ಲಿಂದ ರೈಲು ಬಾಂಗ್ಲಾ ಗಡಿಗೆ, ಆಚೆಗೆ ದೂಡಲು.

ವಖಾರಿಯ ಹೆಂಗಸರದೊಂದು ಲಾಕಪ್ ಗಡಿಗೆ ಇತ್ತು. ಹಿಂದೆ ಮುಷ್ಕರ ಮಾಡಿ ತಾವೇ ಒಳಗೆ ಕೂತು ಬಂದಾಗ ಇಟ್ಟದ್ದು. ಶನಿವಾರದ ಪಗಾರದಲ್ಲಿ ಒಂದೊಂದು ರೂಪಾಯಿ. ಯಾರು ಒಳಗಿದ್ದರೆ ಅವರದ್ದು. "ಆಕಿ ನಮ್ಮಾಕಿ ಅಲ್ಲಲ್ಲ" ಎಂದು ರುಕ್ಮವ್ವ ರಾಗ ಎಳೆದಿದ್ದಳು.

"ಗಡಗೀಗೆ ಬಾಯಿ ಇರೂದ ರೊಕ್ಕಾ ನುಂಗಾಕ, ಜಾತಿ ಕೇಳಾಕಲ್ಲ" ಎಂದು ಕೆಂಚವ್ವ ಅದನ್ನು ಒಡೆದೇಬಿಟ್ಟಳು. ರುಕ್ಮವ್ವನೇ ಚಿಲ್ಲರೆ ಆರಿಸಿದಳು.

ಆ ರೊಕ್ಕಕ್ಕೆ ವಕೀಲ ಶಾಂತಿನಾಥ ಸಿಕ್ಕ, ಕೋರ್ಟಿನಿಂದ ತಡೆಯಾಜ್ಞೆ ತರುತ್ತೇನೆಂದ. ಆದರೆ ವಕಾಲತ್ತಿನ ಕಾಗದಕ್ಕೆ ಮರ್ಜಿನಾಳ ಹೆಬ್ಬೆಟ್ಟು ಬೇಕು. ಅವನನ್ನು ಠಾಣೆಯ ಫೌಜದಾರ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಕೆಂಚವ್ವ ಅಕ್ಕಿ, ಕೊಬ್ಬರಿ, ಕುಂಕುಮದ ಬಟ್ಟಲು, ಕುಪ್ಪಸದ ಖಣ ಹಿಡಿದು ಠಾಣೆ ಹತ್ತಿದಳು.

"ಆಕಿಗಿ ನೀ ಏನಾಗಬೇಕ ಬೇ?"

"ತವರಮನಿರಿ."

ಫೌಜದಾರ ಹೊಟ್ಟೆ ಹಿಡಿದು ನಕ್ಕ. "ಬಾಂಗ್ಲಾದಾಕಿಗಿ ತಂಬಾಕದ ತವರಮನಿ!"

"ಬಸರ ಹೆಂಗಸನ್ನ ಬರೇ ಉಡೀಲೆ ಕಳಸಿದ್ರ ಕಳಸಿದಾರ ಮನಿಗಿ ಪೀಡಾ ಹತ್ತತೈತ್ರಿ ಸಾಹೇಬ್ರ. ನಿಮ್ಮ ಮನ್ಯಾಗೂ ಬಾಣಂತಿ ಅದಾರಂತ."

ಅವನ ನಗು ನಿಂತಿತು. "ಐದ ಮಿನಿಟ."

ಒಳಗೆ ಮರ್ಜಿನಾ ಗೋಡೆಗೆ ಒರಗಿದ್ದಳು. "ಮೌಸಿ, ಉಧರ್ ಮೇರಾ ಕೋಯಿ ನಹೀ."

ಕೆಂಚವ್ವ ಅವಳ ಪಕ್ಕ ಕುಕ್ಕರಿಸಿದಳು. "ಗೊತ್ತೈತಿ, ಅಲ್ಲಿ ನಿನಗ ಯಾರೂ ಇಲ್ಲ. ಅದಕ್ಕ ಬಂದೇನಿ. ಹೆಬ್ಬಟ್ಟ ಕೊಡ." ಖಣದ ಮಡಿಕೆಯಿಂದ ಕಾಗದ ತೆಗೆದು, ಎಣ್ಣೆಯಲ್ಲಿ ಕಲಸಿದ ಕುಂಕುಮಕ್ಕೆ ಅವಳ ಹೆಬ್ಬೆರಳು ಅದ್ದಿ ಒತ್ತಿಸಿದಳು. ಆಮೇಲೆ ಐದು ಹಿಡಿ ಅಕ್ಕಿ ನಿಜವಾಗಿಯೂ ಉಡಿಗೆ ಹಾಕಿದಳು. ಕಾಗದ ಕೆಂಚವ್ವನ ತುರುಬಿನೊಳಗೆ ಸೇರಿತು.

ಬಾಗಿಲಲ್ಲಿ ಫೌಜದಾರ ತಡೆದ. "ನಿಂದರ. ಉಡಿ ಝಾಡಸ."

"ಖರೇನ ಝಾಡಸಲ್ರಿ?"

"ಝಾಡಸ ಅಂದ್ನೆಲ್ಲಲೇ!"

ಎಷ್ಟು ಝಾಡಿಸಿದರೂ ವಖಾರಿಯವರ ಸೀರೆಯಿಂದ ತಂಬಾಕು ಪೂರಾ ಹೋಗುವುದಿಲ್ಲ. ಕೆಂಚವ್ವ ಸೆರಗಿನ ಎರಡೂ ತುದಿ ಹಿಡಿದು ಸಾಹೇಬರ ಮೂಗಿನ ಕೆಳಗೇ ಫಟಫಟ ಝಾಡಿಸಿದಳು. ಮೊದಲ ಸೀನಿಗೆ ಟೋಪಿ ಹೋಯಿತು. ಒಂಬತ್ತನೆಯದಕ್ಕೆ ಕಾಗದ ಪಡೆದ ಶಾಂತಿನಾಥನ ಗಾಡಿ ಚಿಕ್ಕೋಡಿ ಕೋರ್ಟಿನ ದಾರಿ ಹಿಡಿದಿತ್ತು.

ನಾಲ್ಕಾಯಿತು. ವಕೀಲ ಬಂದಿರಲಿಲ್ಲ. ಮರ್ಜಿನಾಳನ್ನು ಹತ್ತಿಸಿಕೊಂಡು ಜೀಪು ಗುರ್ರೆಂದಿತು. ಕೆಲಸ ಬಿಟ್ಟು ಬಂದ ನಲವತ್ತು ಹೆಂಗಸರು ಗಾಲಿಯ ಮುಂದೆ ಸಾಲಾಗಿ ಕೂತು ರೊಟ್ಟಿಯ ಗಂಟು ಬಿಚ್ಚಿದರು.

"ಏಳ್ರಿ ಬೋಸಡೇರ್ಯಾ—" ಫೌಜದಾರ ಮತ್ತೆ ಸೀನಿದ.

"ಉಣ್ಣಾಕ ಕುಂತಾರನ ಎಬ್ಬಸಬಾರದ್ರಿ ಸಾಹೇಬ್ರ" ಎಂದಳು ಕೆಂಚವ್ವ. "ವಕೀಲ್ರ ಬರೂತನಕ ಉಣ್ತೇವಿ. ನಾವು ಹಲ್ಲಿಲ್ಲದಾರು, ತಡಾ ಆಗತೈತಿ."

ಎದ್ದು ಹೋಗಿ ಮೊದಲ ತುತ್ತನ್ನು ಜೀಪಿನ ಕಿಟಕಿಯ ಸರಳಿಗೆ ಹಿಡಿದಳು. ಕುಂಕುಮ ಹತ್ತಿದ ಹೆಬ್ಬೆರಳಿನ ಕೈಯೊಂದು ಹೊರಗೆ ಬಂತು.