ಫಾಕುಂದೊನ ಸರದಿ

ಬೊಲಿವಿಯಾದವರು ತಮ್ಮೊಳಗಿಂದ ಒಬ್ಬ ಸಭಾಹಿರಿಯನನ್ನು ಆರಿಸಿಕೊಂಡರೆ ಸಾಕು, ಅವರದು ಸ್ವಂತ ಸಭೆಯಾಗುತ್ತದೆ ಎಂದು ಪಾಸ್ಟರ್ ಮಿನ್ ಹೇಳಿದ ದಿನ, ಸಾತುರ್ನಿನಾ ಮನೆಗೆ ಹೋಗುವ ರೈಲಿನಲ್ಲಿ ಗಂಡನ ಕೈ ಬಿಡಲೇ ಇಲ್ಲ. ಲೌರೆಯಾನೊ ಎರಡು ಸಲ ಬಿಡಿಸಿಕೊಳ್ಳಲು ನೋಡಿ, ಅಕ್ಕಪಕ್ಕದವರು ನೋಡುತ್ತಾರೆಂದು ಗೊಣಗಿ ಸುಮ್ಮನಾದ.

ಅಲ್ಲಿಯವರೆಗೆ ಅವರದು ಕೊರಿಯನ್ನರ ಸಭೆಗೆ ಅಂಟಿಕೊಂಡ ಒಂದು ಬಾಲವಾಗಿತ್ತು. ಸಾವೊ ಪಾಲೊದ ಬೊಂ ಹೆತಿರೊ ಬಡಾವಣೆಯಲ್ಲಿ ಕೊರಿಯನ್ನರ ಸಭೆಯ ಹಿರಿಯ ಹ್ವಾಂಗ್ ಅವರ ಹೊಲಿಗೆ ಕಾರ್ಖಾನೆ; ಇವರಲ್ಲಿ ಹೆಚ್ಚಿನವರು ಅಲ್ಲೇ ಕೆಲಸಗಾರರು. ಅದರ ನೆಲಮಾಳಿಗೆಯಲ್ಲಿ, ಬಟ್ಟೆಯ ಥಾನುಗಳನ್ನು ಗೋಡೆಗೆ ಸರಿಸಿದಾಗ ಉಳಿಯುವ ಜಾಗದಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ ಆರಾಧನೆ. ಹ್ವಾಂಗ್ ಕೆಟ್ಟವರಲ್ಲ. ಅವರೂ ಒಂದು ಕಾಲಕ್ಕೆ ಬರಿಗೈಯಲ್ಲಿ ಬಂದು ಅದೇ ಯಂತ್ರಗಳ ಮುಂದೆ ಬೆನ್ನು ಬಗ್ಗಿಸಿದ್ದವರು. ಬೆಳಕು ಹರಿಯುವ ಮೊದಲೇ ಎದ್ದು ತಮ್ಮ ಕೆಲಸಗಾರರ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ಆದರೆ ಭಾನುವಾರ ಅವರು ಮೆಟ್ಟಿಲ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರ ಕೈ ಕುಲುಕುತ್ತಿದ್ದರು. ಅವರ ಕೆಲಸ ಬಿಟ್ಟು ಬೇರೆ ಕಡೆ ಸೇರಿದವರಿಗೆ ಆ ಕೈಯನ್ನು ದಾಟಿ ಒಳಗೆ ಬರುವುದು ಆಗುತ್ತಿರಲಿಲ್ಲ. ಕೆಲಸ ಬಿಟ್ಟವರು ಸಭೆಯನ್ನೂ ಬಿಟ್ಟರು.

ಹಾಗೆ ಬಿಟ್ಟವರ ಹಿಂದೆ ಲೌರೆಯಾನೊ ತಿರುಗುತ್ತಿದ್ದ. ಶನಿವಾರ ಯಂತ್ರ ನಿಂತ ಮೇಲೆ ಊರಿನಿಂದ ಬಂದ ಒಣ ಆಲೂಗಡ್ಡೆಯನ್ನು ಒಂದು ಚೀಲಕ್ಕೆ ತುಂಬಿಕೊಂಡು, ನಗರದಂಚಿನ ಗ್ವಾಯನಾಸೆಸ್‌ನ ಗುಡ್ಡದ ಮೇಲಿನ ಬಾಡಿಗೆ ಕೋಣೆಗಳ ಬಾಗಿಲು ಬಡಿಯುತ್ತಿದ್ದ. ಮೊದಲು ಆಲೂಗಡ್ಡೆ, ಆಮೇಲೆ ಊರ ಸುದ್ದಿ, ಕೊನೆಗೆ ಕೀರ್ತನೆ. ಹನ್ನೊಂದು ವರ್ಷದಲ್ಲಿ ಅವನು ಸೇರಿಸಿದ ಜನ ಮೇಲಿನ ಮಹಡಿಯಲ್ಲಿ ಸೇರುವ ಕೊರಿಯನ್ನರಿಗಿಂತ ಹೆಚ್ಚಾಗಿದ್ದರು. ಕೊರಿಯನ್ನರ ಮಕ್ಕಳು ಪೋರ್ಚುಗೀಸ್ ಕಲಿತು, ಡಾಕ್ಟರು ವಕೀಲರಾಗಿ, ಬೇರೆ ಬಡಾವಣೆ ಬೇರೆ ಚರ್ಚು ಹುಡುಕಿಕೊಂಡು ಹೋಗುತ್ತಿದ್ದರು. ವಲಸೆ ಬಂದವರು ಕಟ್ಟಿದ ಆ ಪುಟ್ಟ ಪ್ರೆಸ್ಬಿಟೇರಿಯನ್ ಪಂಗಡದಲ್ಲಿ ಬೆಳೆಯುತ್ತಿದ್ದದ್ದು ನೆಲಮಾಳಿಗೆ ಒಂದೇ. ಬ್ರೆಜಿಲ್‌ನಲ್ಲಿ ತಮ್ಮದೇ ಪ್ರಾಂತೀಯ ಮಂಡಲಿ ಕಟ್ಟಿಕೊಳ್ಳಲು ಅವರಿಗೆ ಒಂದು ಸಭೆ ಕಡಿಮೆ ಬಿದ್ದಿತ್ತು. ಹೀಗಾಗಿ ಬಾಲಕ್ಕೂ ತಲೆ ಬರುವ ಕಾಲ ಬಂದಿತ್ತು.

"ನಮ್ಮ ಹಿರಿಯ ಅಂತ ಒಬ್ಬ ಇದ್ರೆ, ಎಲ್ಲಿ ಸೇರ್ಬೇಕು ಅನ್ನೋದು ನಮ್ಮ ಮಾತು," ರೈಲಿನಲ್ಲಿ ಸಾತುರ್ನಿನಾ ಹೇಳಿದಳು. "ಗುಡ್ಡದ ಮೇಲೆ ಆ ಮುಚ್ಚಿದ ಬೇಕರಿ ಇದ್ಯಲ್ಲ. ಬೆಳಿಗ್ಗೆನೇ ಆರಾಧನೆ. ಬಾಗಿಲಲ್ಲಿ ಯಾವ ಯಜಮಾನನೂ ಇರಲ್ಲ. ಕೆಲಸ ಬಿಟ್ಟೋರೆಲ್ಲ ಬರ್ತಾರೆ."

"ಬರ್ತಾರೆ," ಅಂದ ಲೌರೆಯಾನೊ. ಅವನು ಕೆಮ್ಮಿದ. ಬಟ್ಟೆಯ ನೂಲಿನ ಧೂಳು ಅವನ ಎದೆಯಲ್ಲಿ ಬಹಳ ಕಾಲದಿಂದ ಬಾಡಿಗೆಗಿತ್ತು.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಹೆಂಗಸರು ಎಂದಿನಂತೆ ತಮ್ಮ ತಮ್ಮ ಬಣ್ಣದ ವಸ್ತ್ರಗಳನ್ನು ನೆಲದ ಮೇಲೆ ಅಂಚಿಗೆ ಅಂಚು ತಾಗಿಸಿ ಹಾಸಿ, ಬೇಯಿಸಿದ ಆಲೂಗಡ್ಡೆ, ಹುರಿದ ಅವರೆ, ಗಿಣ್ಣು, ಕೋಳಿ ಎಲ್ಲವನ್ನೂ ಒಂದೇ ರಾಶಿಯಾಗಿ ಸುರಿದರು. ಎಲ್ಲರ ಕೈಯೂ ಅದೇ ರಾಶಿಗೆ. ಮುದುಕಿ ಬಾಸಿಲಿಯಾ ಸಾತುರ್ನಿನಾಳ ಪಕ್ಕ ಬಂದು ಮಂಡಿ ಊರಿ ಕೂತಳು.

"ನಿನ್ನ ಗಂಡನ ಬೆನ್ನು ನೋಡಿದ್ಯಾ? ಕತ್ತೆ ಮೇಲಿನ ಹೇರನ್ನಾದ್ರೂ ಸಂಜೆಗೆ ಇಳಿಸ್ತಾರೆ."

"ಅವನಿಗದು ಹೇರು ಅನ್ಸಲ್ಲ ಅಕ್ಕಾ."

"ಅವನಿಗೆ ಅನ್ಸಲ್ಲ. ನಮಗೆ ನಾಚಿಕೆ ಆಗ್ಬೇಕಲ್ವಾ? ಇಷ್ಟು ವರ್ಷ ಒಬ್ಬನ ಹೆಗಲ ಮೇಲೇ ಬಿಟ್ಟಿದೀವಿ. ಊರಲ್ಲಾಗಿದ್ರೆ ನಮ್ಮನ್ನ ಏನಂತಿದ್ರು?"

"ಬಿಟ್ಟಿ ಕೂಳಿನವರು ಅಂತಿದ್ರು," ಎದುರಿಗೆ ಕೂತವಳು ನಕ್ಕಳು.

"ಹಾಗಾದ್ರೆ ಈಗ ಯಾರ ಸರದಿ?" ಬಾಸಿಲಿಯಾ ಕೇಳಿದಳು.

ಹೆಂಗಸರ ಕಣ್ಣು ಒಟ್ಟಿಗೇ ಒಂದು ಕಡೆ ಹೊರಳಿತು. ಫಾಕುಂದೊ ಕೋಳಿಯ ತೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಅವನು ಹ್ವಾಂಗ್ ಅವರ ಕಾರ್ಖಾನೆಯ ಮೇಸ್ತ್ರಿ. ಮೂವತ್ತೆಂಟರ ಆಳು, ಇವರಿಗಿಂತ ಮೊದಲೇ ಬಂದವನು.

"ಇಷ್ಟು ವರ್ಷದಲ್ಲಿ ಒಂದು ಬೆಂಚು ಎತ್ತಿಟ್ಟಿಲ್ಲ," ಅಂದಳು ಬಾಸಿಲಿಯಾ.

"ಅವನಾ! ಹಿರಿಯ ಹ್ವಾಂಗ್ ಸೀನಿದ್ರೆ ಇವನು ಮೂಗು ಒರೆಸ್ಕೋತಾನೆ," ಅಂದಳು ಎದುರಿನವಳು.

"ಅದಕ್ಕೇ ಕೊಡ್ಬೇಕು ಕಣೆ. ಹೊಣೆಯ ಕೋಲು ಕೈಗೆ ಬಂದ್ರೆ ಬೆನ್ನು ನೆಟ್ಟಗಾಗತ್ತೆ. ನನ್ನ ಗಂಡ ಹೊಣೆ ಹೊತ್ತ ವರ್ಷ ಒಂದು ತೊಟ್ಟು ಕುಡೀಲಿಲ್ಲ, ಗೊತ್ತಾ?"

"ಅದರ ಮುಂದಿನ ವರ್ಷ?"

"ಮುಂದಿನ ವರ್ಷ ಎರಡೂ ವರ್ಷದ್ದು ಕುಡಿದ, ಬಿಡು."

ಸಾತುರ್ನಿನಾಳೂ ನಕ್ಕಳು. ಬಾಸಿಲಿಯಾ ಹೇಳಿದ್ದು ಅವಳಿಗೆ ಹೊಸದೇನೂ ಆಗಿರಲಿಲ್ಲ. ಊರಿನಲ್ಲಿ ಮುಖಂಡನ ಹೊಣೆ, ಅದರ ಗುರುತಾದ ಕೋಲಿನ ಜೊತೆ, ಪ್ರತಿ ಜನವರಿ ಮನೆಯಿಂದ ಮನೆಗೆ ಹೋಗುತ್ತದೆ, ನೀರಿನ ಪಾಳಿಯ ಹಾಗೆ. ಜಾಣನೋ ದಡ್ಡನೋ ಎಂದು ಯಾರೂ ಕೇಳುವುದಿಲ್ಲ. ಹೊತ್ತಿದ್ದಾನೋ ಇಲ್ಲವೋ ಎಂದಷ್ಟೇ ಕೇಳುತ್ತಾರೆ. ತಾನೇ ಬೇಕೆಂದು ಕೈ ಚಾಚಿದವನನ್ನು ಅನುಮಾನದಿಂದ ನೋಡುತ್ತಾರೆ. ಕೆಟ್ಟವನ ಮನೆಗೂ ಕೋಲು ಹೋಗಲೇಬೇಕು. ಅವನನ್ನು ಹದ್ದುಬಸ್ತಿನಲ್ಲಿಡುವುದು ಅವನ ಒಳ್ಳೆಯತನವಲ್ಲ, ಜನವರಿ. ಜನವರಿ ಬಂದಾಗ ಕೋಲು ಕೊಟ್ಟು, ಬರಿಗೈಯಲ್ಲಿ ಅದೇ ಜನರ ನಡುವೆ ಕೂತು ಉಣ್ಣಬೇಕಲ್ಲ ಎಂಬ ಯೋಚನೆ. ಹೊತ್ತು ಮುಗಿಸಿದವನಿಗೆ ಸಿಗುವ ಮರ್ಯಾದೆ ಹೊತ್ತಿರುವವನಿಗೂ ಇಲ್ಲ. ಆ ಮರ್ಯಾದೆ ಗಂಡನಿಗೆ ಸಲ್ಲಬೇಕೆಂದು ಅವಳ ಆಸೆ.

ಮನೆಗೆ ಬಂದು ಹೇಳಿದಾಗ ಲೌರೆಯಾನೊ ಬೂಟು ಬಿಚ್ಚುತ್ತಿದ್ದ. "ನಾನೂ ಅದನ್ನೇ ಯೋಚಿಸ್ತಿದ್ದೆ. ನಾನೇ ಕೂತ್ರೆ ಇದು ನನ್ನ ಮನೆ ಅಂದ್ಕೊಂಡ ಅಂತಾರೆ."

"ಫಾಕುಂದೊ ಬೇಕರಿಗೆ ಒಪ್ಪದೆ ಇದ್ರೆ?"

"ಒಪ್ಪದೆ ಇದ್ರೆ ಅವನ ನಂತರದವನು ಒಪ್ತಾನೆ. ಒಂದು ವರ್ಷ ತಾನೇ."

ಆಮೇಲಿನ ವಾರಗಳಲ್ಲಿ ಮನೆಮನೆಗೆ ಹೋಗಿ ಈ ಮಾತನ್ನು ಹೇಳಿದವಳು ಸಾತುರ್ನಿನಾಳೇ. ಯಾರೂ ವಾದಿಸಲಿಲ್ಲ.

ಚುನಾವಣೆಗೆ ಕೊರಿಯಾದಿಂದ ಇಬ್ಬರು ಬೂದು ಸೂಟಿನ ಹಿರಿಯರು ಬಂದಿದ್ದರು. ಪಾಸ್ಟರ್ ಮಿನ್ ಅಂದು ಬೋಧಿಸಿದ್ದು ಒಳ್ಳೆಯ ಕುರುಬನ ಬಗ್ಗೆ. ಬೋಧಿಸುವಾಗ ನಡುನಡುವೆ ಲೌರೆಯಾನೊನ ಕಡೆ ನೋಡಿ ಮುಗುಳ್ನಗುತ್ತಿದ್ದರು. ಚೀಟಿಗಳನ್ನು ಬಿಡಿಸಿ ಓದತೊಡಗಿದಾಗ ಅವರ ಮುಗುಳ್ನಗೆ ಹಾಗೇ ಉಳಿದು, ಅದರ ಹಿಂದಿನ ಮುಖ ಮಾತ್ರ ಬದಲಾಯಿತು. ಫಾಕುಂದೊ. ಫಾಕುಂದೊ. ಮತ್ತೆ ಫಾಕುಂದೊ. ಮೂರನೇ ಎರಡು ಪಾಲು ಬಿದ್ದರೆ ಸಾಕಿತ್ತು. ಬಿದ್ದದ್ದು ಹೆಚ್ಚುಕಡಿಮೆ ಎಲ್ಲವೂ. ಹಿರಿಯ ಹ್ವಾಂಗ್ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ, ದನಿ ಎತ್ತಿ ದೇವರಿಗೆ ಸ್ತೋತ್ರ ಹೇಳಿದರು.

ಪಾಸ್ಟರ್ ಲೌರೆಯಾನೊನನ್ನು ಮೆಟ್ಟಿಲ ಬಳಿಗೆ ಕರೆದರು. ಕಾಫಿಯ ಫ್ಲಾಸ್ಕು ಹಿಡಿದ ಸಾತುರ್ನಿನಾ ಅಲ್ಲೇ ಇದ್ದಳು.

"ಏನಾಯ್ತು ತಮ್ಮಾ? ಜಗಳ ಏನಾದ್ರೂ?"

"ಇಲ್ಲ ಪಾಸ್ಟರ್. ನಾನೂ ಅವನಿಗೇ ಹಾಕಿದ್ದು. ನನ್ನದು ಆಯ್ತು, ಈಗ ಅವನ ಸರದಿ."

"ಸರದಿ," ಅಂದರು ಪಾಸ್ಟರ್. ಅವರು ಇನ್ನೇನೋ ಕೇಳುವವರಂತೆ ಬಾಯಿ ತೆರೆದರು. ಅಷ್ಟರಲ್ಲಿ ಬೂದು ಸೂಟಿನವರೊಬ್ಬರು ಒಳಗಿನಿಂದ ಕೊರಿಯನ್ ಭಾಷೆಯಲ್ಲಿ ಕರೆದರು. ಪಾಸ್ಟರ್ ಲೌರೆಯಾನೊನ ಹೆಗಲು ತಟ್ಟಿ, "ದೊಡ್ಡ ಮನಸ್ಸು ನಿನ್ನದು," ಎಂದು ಹೊರಟುಹೋದರು.

ಹಿರಿಯನ ಪಟ್ಟ ಕೊಡುವ ದಿನ ಫಾಕುಂದೊ ಹೊಸ ಕೋಟಿನಲ್ಲಿ ಮಂಡಿಯೂರಿದ. ಅವನ ತಲೆಯ ಮೇಲೆ ಅಷ್ಟೊಂದು ಕೈಗಳು ಒಟ್ಟಿಗೆ ಇಳಿದಾಗ ಅವನು ನಿಜವಾಗಿಯೂ ನಡುಗಿದ. ಸಾತುರ್ನಿನಾಳಿಗೆ ಅವನ ಮೇಲೆ ಮೊದಲ ಬಾರಿಗೆ ಪ್ರೀತಿ ಬಂತು. ಅದೇ ಸಂಜೆ ಮೇಲಿನ ಮಹಡಿಯಲ್ಲಿ ಹೊಸ ಮಂಡಲಿಯ ಬ್ಯಾನರಿನ ಕೆಳಗೆ ಫೋಟೊ ತೆಗೆದರು. ಬಣ್ಣದ ಲಂಗದ ಹೆಂಗಸರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸಿದರು.

ಹಿರಿಯರ ಕೂಟ ಎಂದರೆ ಪಾಸ್ಟರ್ ಮಿನ್ ಮತ್ತು ಫಾಕುಂದೊ, ಇಬ್ಬರೇ. ಬೇಕರಿಯ ಮಾತು ಮೊದಲ ಕೂಟದಲ್ಲೇ ಬಿದ್ದುಹೋಯಿತು: ದೂರ, ಸೋರುತ್ತದೆ, ಹಿರಿಯ ಹ್ವಾಂಗ್ ಅವರ ಉಪಕಾರ ಮರೆಯಬಾರದು. ಮಳೆಗಾಲ ಕಳೆಯುವ ಹೊತ್ತಿಗೆ ಇನ್ನೊಂದು ನಿರ್ಣಯ ಬಂತು. ಯಜಮಾನನಿಗೆ ಕೊಟ್ಟ ಮಾತು ಮುರಿದು ಹೊಲಿಗೆಯ ಭರಾಟೆಯ ನಡುವೆ ಕೆಲಸ ಬಿಟ್ಟವರು, ಬಂದು ತಪ್ಪೊಪ್ಪಿಕೊಳ್ಳುವವರೆಗೆ, ಕರ್ತನ ಭೋಜನದಿಂದ ಹೊರಗೆ. ಲೌರೆಯಾನೊ ಎಷ್ಟೋ ಶನಿವಾರ ಅಲೆದು ಮರಳಿ ಕರೆತಂದಿದ್ದ ಎರಡು ಕುಟುಂಬದವರು ರೊಟ್ಟಿಯ ತಟ್ಟೆ ತಮ್ಮನ್ನು ದಾಟಿ ಮುಂದೆ ಹೋಗುವುದನ್ನು ನೋಡುತ್ತ ಕೂತರು. ತಟ್ಟೆ ಹಿಡಿದವನು ಫಾಕುಂದೊ.

"ಅವನ ಕೈ ನಡುಗ್ಲೂ ಇಲ್ಲ," ಅಂದಳು ಸಾತುರ್ನಿನಾ ರೈಲಿನಲ್ಲಿ.

"ಜನವರಿ ಬರ್ಲಿ," ಅಂದ ಲೌರೆಯಾನೊ.

ಎಲ್ಲರೂ ಅದನ್ನೇ ಹೇಳುತ್ತಿದ್ದರು. ಯಾರಾದರೂ ಸಿಟ್ಟಾದರೆ ಬಾಸಿಲಿಯಾ, "ಜನವರಿ ಬರ್ಲಿ ಬಿಡೇ, ಆಮೇಲೆ ಅವನ ಕಿವಿ ಹಿಂಡೋಣ," ಎನ್ನುತ್ತಿದ್ದಳು. ಮುಂದಿನ ಸರದಿ ಅವಳ ಮಗ ದೆಮೆತ್ರಿಯೊನದು ಎಂದೂ ತೀರ್ಮಾನವಾಗಿತ್ತು. ಅವನು ಬೇಕರಿಯ ಸೋರುವ ಮಾಡನ್ನು ಹತ್ತಿ ನೋಡಿಬಂದಿದ್ದ.

ಜನವರಿಯ ಮೊದಲ ಭಾನುವಾರ ಅವರು ರೊಟ್ಟಿಗಳನ್ನು ದಾರದಲ್ಲಿ ಪೋಣಿಸಿದ ಹಾರ ತಂದರು. ಹೊಣೆ ಇಳಿಸುವವನ ಕೊರಳಿಗೆ ಹಾಕುವ ಹಾರ. ಬೈಗುಳ ಏನಿದ್ದರೂ ನಂತರ, ಮೊದಲು ಕೃತಜ್ಞತೆ; ಕ್ರಮ ಅದು. ಆರಾಧನೆ ಮುಗಿದೊಡನೆ ಲೌರೆಯಾನೊ ಎದ್ದು ನಿಂತು, ವರ್ಷವಿಡೀ ಹೊತ್ತ ಅಣ್ಣ ಫಾಕುಂದೊನಿಗೆ ಸಭೆ ಋಣಿ, ಇನ್ನು ದೆಮೆತ್ರಿಯೊ ಹೊರುತ್ತಾನೆ ಎಂದು ಹೇಳಿ, ಟೋಪಿ ತೆಗೆದು ನಿಂತ.

ಪಾಸ್ಟರ್ ಮಿನ್ ಬೈಬಲ್ ಮುಚ್ಚಿ ಅದರ ಮೇಲೆ ಕೈ ಇಟ್ಟರು.

"ಹಿರಿಯನ ಪಟ್ಟ ಇಳಿಸೋದಲ್ಲ ತಮ್ಮಾ. ಅದು ಎಪ್ಪತ್ತು ತುಂಬೋವರೆಗೆ."

"ಯಾರಿಗೆ ಎಪ್ಪತ್ತು?" ಅಂದಳು ಬಾಸಿಲಿಯಾ.

"ಅವರಿಗೆ. ಹಿರಿಯರಿಗೆ."

ಅವಳು ಬೆರಳು ಮಡಿಸಿ ಎಣಿಸತೊಡಗಿ, ಅರ್ಧಕ್ಕೆ ನಿಲ್ಲಿಸಿದಳು. "ಅಷ್ಟು ಹೊತ್ತಿಗೆ ನಾನು ಎರಡು ಸಲ ಸತ್ತಿರ್ತೀನಿ."

ಸಾತುರ್ನಿನಾ ಎದ್ದಳು. ಹೆಂಗಸರು ಅಲ್ಲಿ ಎದ್ದು ಮಾತಾಡುವ ರೂಢಿ ಇರಲಿಲ್ಲ.

"ಪಾಸ್ಟರ್, ಆವತ್ತು ಮೆಟ್ಟಿಲ ಹತ್ರ ಇವರು ಸರದಿ ಅಂದ್ರು. ನೀವು ಕೇಳಿಸ್ಕೊಂಡ್ರಿ."

"ಕೇಳಿಸ್ಕೊಂಡೆ." ಪಾಸ್ಟರ್ ಅವಳ ಕಡೆ ನೋಡಲಿಲ್ಲ. "ನೀವೆಲ್ಲ ಪ್ರಾರ್ಥನೆ ಮಾಡಿ ಆರಿಸಿದ್ರಿ. ಪವಿತ್ರಾತ್ಮ ನಡೆಸಿದ ಕೆಲಸ ಅಂದ್ಕೊಂಡೆ."

"ಫಾಕುಂದೊ," ಅವಳು ತಿರುಗಿದಳು, "ನಿನಗೆ ಗೊತ್ತಿತ್ತಾ?"

ಫಾಕುಂದೊ ಕೋಟಿನ ಗುಂಡಿ ಮುಟ್ಟಿಕೊಂಡ. "ಮೊದ್ಲು ಗೊತ್ತಿರ್ಲಿಲ್ಲ ಅಕ್ಕಾ. ಪಟ್ಟ ಆದ ವಾರ ಹಿರಿಯ ಹ್ವಾಂಗ್ ಹೇಳಿದ್ರು. ನಾನೂ ಹೆದರಿಬಿಟ್ಟೆ."

"ಆಮೇಲೆ?"

"ಆಮೇಲೆ ಅಭ್ಯಾಸ ಆಯ್ತು."

ಅವನು ಸುಳ್ಳು ಹೇಳಲಿಲ್ಲ ಎಂಬುದೇ ಅವಳಿಗೆ ಹೆಚ್ಚು ನೋವು ಕೊಟ್ಟಿತು. ಜನವರಿ ಇಲ್ಲದ ಕೋಲನ್ನು ತಾವೇ ಮನೆಮನೆ ತಿರುಗಿ ಅವನ ಕೈಗೆ ಕೊಟ್ಟಿದ್ದರು. ಕೊಡುವಾಗ ಅದು ಊರಿನ ಕೋಲೇ ಎಂದುಕೊಂಡಿದ್ದರು. ಕೊರಿಯನ್ನರಿಗೆ ಹಿರಿತನ ಎಂದರೆ ವಯಸ್ಸಿನ ಹಾಗೆ, ಒಮ್ಮೆ ಬಂದರೆ ಹಿಂದೆ ಹೋಗದು. ತಮಗೆ ಅದು ನೀರಿನ ಪಾಳಿ. ಇದನ್ನು ಎರಡೂ ಕಡೆಯವರು ಬಾಯಿಬಿಟ್ಟು ಹೇಳಿರಲಿಲ್ಲ. ಸೂರ್ಯ ಮೂಡುತ್ತಾನೆ ಎಂದು ಯಾರು ಯಾರಿಗೆ ಹೇಳುತ್ತಾರೆ?

ಲೌರೆಯಾನೊ ಮೆಲ್ಲಗೆ ಕೇಳಿದ: "ನಾವು ಗುಡ್ಡದ ಮೇಲೆ ಬೇರೆ ಸೇರಬಹುದಾ ಪಾಸ್ಟರ್?"

"ಪ್ರಾರ್ಥನೆಗೆ ಸೇರಬಹುದು. ಸಭೆ ಅಂತ ಆಗ್ಬೇಕಾದ್ರೆ ಹಿರಿಯರ ಕೂಟ ಒಪ್ಪಬೇಕು." ಹಿರಿಯರ ಕೂಟ ಅಂದರೆ ಯಾರು ಎಂದು ಅವರು ಹೇಳಬೇಕಾಗಿರಲಿಲ್ಲ.

ಹೆಂಗಸರು ವಸ್ತ್ರ ಹಾಸಿದರು. ತಂದ ಅನ್ನವನ್ನು ಕಟ್ಟಿಕೊಂಡು ಹಿಂದೆ ಹೋಗುವವರಲ್ಲ ಅವರು. ಫಾಕುಂದೊ ಊಟದ ಪ್ರಾರ್ಥನೆ ಮಾಡಿದ, ಎಲ್ಲರೂ ಒಂದೇ ರಾಶಿಗೆ ಕೈ ಹಾಕಿ ಉಂಡರು. ದೆಮೆತ್ರಿಯೊ ಮಾತ್ರ ಮೆಟ್ಟಿಲು ಹತ್ತಿ ಹೋದವನು ಮತ್ತೆ ಆ ನೆಲಮಾಳಿಗೆಗೆ ಇಳಿಯಲಿಲ್ಲ.

ಒಂದೆರಡು ವಾರ ಲೌರೆಯಾನೊ ಎಲ್ಲೂ ಹೋಗಲಿಲ್ಲ. ಮೂರನೇ ಶನಿವಾರ ಸಾತುರ್ನಿನಾ ನೋಡಿದರೆ ಅವನು ಚೀಲಕ್ಕೆ ಒಣ ಆಲೂಗಡ್ಡೆ ತುಂಬುತ್ತಿದ್ದ.

"ಎಲ್ಲಿಗೆ?"

"ನಮ್ಮ ದೇಶದ ಒರೂರೊ ಕಡೆಯಿಂದ ಹೊಸಬರು ಬಂದಿದಾರಂತೆ. ಮೂರು ಮಕ್ಕಳು. ಮನೆಯಲ್ಲಿ ಹಾಸಿಗೆನೂ ಇಲ್ವಂತೆ."

"ಕರ್ಕೊಂಡು ಬಂದು ಯಾರ ಕೈಗೆ ಕೊಡ್ತೀಯಾ?"

ಅವನು ಚೀಲದ ಬಾಯಿ ಕಟ್ಟಿದ. "ಹಸಿದಿರ್ತಾರೆ, ಸಾತುಕಾ," ಅಂದ, ಅವಳನ್ನು ಮನೆಯಲ್ಲಿ ಕರೆಯುವ ಹೆಸರು ಹಿಡಿದು. ಅವನಿಗೆ ಬೇರೆ ಏನೂ ಗೊತ್ತಿರಲಿಲ್ಲ. ಅವನು ಹೀಗೇ ತಂದು ಸೇರಿಸುತ್ತಿರುತ್ತಾನೆ, ಮೇಲಿನ ಮಹಡಿಯಲ್ಲಿ ಮಂಡಲಿ ಬೆಳೆಯಿತು ಎಂದು ಹಾಡುತ್ತಿರುತ್ತಾರೆ, ಫಾಕುಂದೊ ತಟ್ಟೆ ಹಿಡಿದು ನಡೆಯುತ್ತಿರುತ್ತಾನೆ. ಸಾತುರ್ನಿನಾ ಶಾಲು ಹೊದ್ದು ಅವನ ಜೊತೆ ಹೊರಟಳು.

ಹೊಸ ಹೆಂಗಸು ಸಣ್ಣ ವಯಸ್ಸಿನವಳು. ಆಲೂಗಡ್ಡೆಯನ್ನು ಮೂಸಿ ನೋಡಿ ಅತ್ತಳು. ಲೌರೆಯಾನೊ ಊರ ಸುದ್ದಿ ಹೇಳಿದ. ಆಮೇಲೆ ಕೀರ್ತನೆ ಹಾಡಿದ, ಮಧ್ಯೆ ಕೆಮ್ಮುತ್ತ. ಅವಳ ಗಂಡನಿಗೂ ಹಾಡು ಹಿಡಿಸಿತು.

"ನಾವೂ ನಿಮ್ಮ ಸಭೆಗೆ ಸೇರ್ಕೋಬಹುದಾ ಅಕ್ಕಾ?" ಹೊಸ ಹೆಂಗಸು ಕೇಳಿದಳು.

ಲೌರೆಯಾನೊ ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ಈ ಪ್ರಶ್ನೆಗೆ ಉತ್ತರ ಹೇಳುತ್ತಿದ್ದವನು ಅವನು.

"ಭಾನುವಾರ ನಮ್ಮನೆಗೆ ಬನ್ನಿ, ಒಟ್ಟಿಗೆ ಉಣ್ಣೋಣ, ಹಾಡೋಣ," ಅಂದಳು ಸಾತುರ್ನಿನಾ. "ಸಭೆಯ ಪಟ್ಟಿಗೆ ಸೇರ್ಕೊಳ್ಳಿ ಅಂತ ಯಾರಾದ್ರೂ ಹೆಸರು ಕೇಳಿದ್ರೆ ಮಾತ್ರ ಕೊಡ್ಬೇಡಿ."

"ಯಾಕಕ್ಕಾ?"

ಹೇಳಿದರೆ ಉದ್ದದ ಕತೆ. ಲೌರೆಯಾನೊ ತಡೆದಾನೆಂದು ಅವಳು ಕಾದಳು. ಅವನು ಚೀಲದಲ್ಲಿ ಉಳಿದಿದ್ದ ಆಲೂಗಡ್ಡೆಯನ್ನು ಮಕ್ಕಳ ಮುಂದೆ ಸುರಿದು, ಖಾಲಿ ಚೀಲವನ್ನು ಸದ್ದಿಲ್ಲದೆ ಮಡಚುತ್ತಿದ್ದ.